ಹೆರಿಗೆ ಎಲ್ಲಿ? ಮನೆಯಲ್ಲೋ, ಆಸ್ಪತ್ರೆಯಲ್ಲೋ?

ಹೆರಿಗೆ ಎಂದರೆ ಹೆಣ್ಣಿಗೆ ಮರುಹುಟ್ಟು ಎಂದು ನಮ್ಮ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಆದರೆ ನಾವು ಮಾಡುವುದೇನು? ಸೀಮಂತಕ್ಕೆ ಯಾವ ಸೀರೆ, ಎಷ್ಟು ಡಜನ್ ಹಸಿರು ಬಳೆ, ಎಷ್ಟು ಬಗೆಯ ಚಿತ್ರಾನ್ನ ಎಂದು ತಿಂಗಳುಗಟ್ಟಲೆ ಮಾತಾಡುತ್ತೇವೆ. ಹೆರಿಗೆ ಎಲ್ಲಿ, ಮಾಡಿಸುವವರು ಯಾರು, ನಡುರಾತ್ರಿ ಬೇನೆ ಬಂದರೆ ಯಾವ ಗಾಡಿ, ರಕ್ತ ಬೇಕಾದರೆ ಕೊಡುವವರು ಯಾರು ಎಂಬುದನ್ನು ಮಾತ್ರ "ಆ ಹೊತ್ತಿಗೆ ನೋಡಿಕೊಂಡರಾಯ್ತು ಬಿಡಿ" ಎಂದು ತಳ್ಳಿಬಿಡುತ್ತೇವೆ. ಆ ಹೊತ್ತು ಬಂದಾಗ ನೋಡಿಕೊಳ್ಳಲು ಸಮಯವೇ ಇರುವುದಿಲ್ಲ.

ಈಗಿನ ಕಾಲದಲ್ಲೂ ಇದೊಂದು ಪ್ರಶ್ನೆಯೇ ಎಂದು ಕೆಲವರು ಕೇಳಬಹುದು. ಹೌದು, ಇನ್ನೂ ಪ್ರಶ್ನೆಯೇ. ಹಿಂದೆ ಬಡತನ, ದೂರ, ಸಂಕೋಚ ಇವುಗಳಿಂದ ಮನೆಯಲ್ಲಿ ಹೆರಿಗೆ ಆಗುತ್ತಿತ್ತು. ಈಗ ಓದಿದ ಹೆಣ್ಣುಮಕ್ಕಳೇ ಮೊಬೈಲಿನಲ್ಲಿ ವಿಡಿಯೋ ನೋಡಿ, "ನಮ್ಮಜ್ಜಿ ಮನೇಲೇ ಹತ್ತು ಹೆತ್ತಿಲ್ವಾ? ನನಗ್ಯಾಕೆ ಆಸ್ಪತ್ರೆ?" ಎಂದು ಕೇಳುತ್ತಿದ್ದಾರೆ. ಅಜ್ಜಿ ಹತ್ತು ಹೆತ್ತದ್ದು ನಿಜ. ಆ ಹತ್ತರಲ್ಲಿ ಉಳಿದವೆಷ್ಟು ಎಂದು ಯಾರೂ ಕೇಳುವುದಿಲ್ಲ.

ಸೂಲಗಿತ್ತಿಯರಿಗೆ ಕೈಮುಗಿದು

ಹಳೆಯದನ್ನೆಲ್ಲ ಹೀಗಳೆಯುವುದು ನನ್ನ ಉದ್ದೇಶವಲ್ಲ. ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರನ್ನು ನೆನೆಯದೆ ಹೆರಿಗೆಯ ಮಾತು ಆಡುವುದು ಹೇಗೆ? ಅಕ್ಷರ ಕಲಿಯದ ಆ ತಾಯಿ ದುಡ್ಡು ಕಾಸು ಕೇಳದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ವಾಹನವಿಲ್ಲದ, ವೈದ್ಯರಿಲ್ಲದ ಊರುಗಳಲ್ಲಿ ಇಂಥವರ ಕೈಯೇ ದೇವರ ಕೈಯಾಗಿತ್ತು. ಬಸುರಿಯ ಬೆನ್ನು ಸವರಿ, ಹೆದರಬೇಡ ಮಗಳೇ ಎನ್ನುವ ಅವರ ಮಾತಿನಲ್ಲಿ ಅರ್ಧ ನೋವು ಇಳಿಯುತ್ತಿತ್ತು.

ಆದರೆ ಎಂಥ ಅನುಭವದ ಕೈಯಾದರೂ ಬರಿಗೈ. ರಕ್ತ ನಿಲ್ಲದಿದ್ದರೆ ಕೊಡಲು ಇಂಜೆಕ್ಷನ್ ಇಲ್ಲ, ಏರಿಸಲು ಬಾಟಲಿ ರಕ್ತವಿಲ್ಲ, ಮಗು ಅಡ್ಡವಿದ್ದರೆ ಆಪರೇಷನ್ ಇಲ್ಲ. ಸೂಲಗಿತ್ತಿಯ ತಪ್ಪಲ್ಲ ಅದು, ಜಾಗದ ಕೊರತೆ.

ನಮ್ಮ ಮನೆಯಲ್ಲೇ ಆದದ್ದು

2001ರಲ್ಲಿ, ನಾನು ಮದುವೆಯಾಗಿ ಬಂದ ಎರಡನೇ ವರ್ಷ, ನಮ್ಮ ನಾದಿನಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಒಂಬತ್ತು ತಿಂಗಳೂ ಏನೊಂದು ತೊಂದರೆ ಇರಲಿಲ್ಲ. ಹಳ್ಳಿಯ ಮನೆಯಲ್ಲೇ, ನುರಿತ ಅಜ್ಜಿಯ ಕೈಯಲ್ಲಿ, ಬೆಳಗಿನ ಜಾವ ಸಲೀಸಾಗಿ ಹೆಣ್ಣುಮಗು ಆಯಿತು. ಎಲ್ಲರೂ ನಗುತ್ತಿದ್ದೆವು. ಮಾಸು ಮಾತ್ರ ಬೀಳಲಿಲ್ಲ. ರಕ್ತ ನಿಲ್ಲಲಿಲ್ಲ. ಹಾಲಿನ ವ್ಯಾನು ಹಿಡಿದು ತಾಲ್ಲೂಕು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎರಡು ಗಂಟೆ ಕಳೆದಿತ್ತು. ಮಗು ಉಳಿಯಿತು, ತಾಯಿ ಉಳಿಯಲಿಲ್ಲ.

ಅಜ್ಜಿಯ ಮಡಿಲಲ್ಲಿ ಬೆಳೆದ ಆ ಮಗುವಿಗೇ ಮೊನ್ನೆ ಏಳು ತಿಂಗಳು ತುಂಬಿತು. "ಆಸ್ಪತ್ರೆಗೆ ಹೋದ್ರೆ ಕುಯ್ದೇ ಕುಯ್ತಾರೆ ಅತ್ತೆ. ವಿದೇಶದಲ್ಲಿ ಮನೇಲೇ ಹೆರ್ತಾರಂತೆ, ನಾನೂ ಇಲ್ಲೇ ಹೆರ್ತೀನಿ" ಎಂದು ನನ್ನ ಮುಂದೆ ಮೊಬೈಲ್ ಹಿಡಿದಳು. ಒಳಗೆ ಅಕ್ಕಿ ಆರಿಸುತ್ತಿದ್ದ ನಮ್ಮತ್ತೆ ಮೊರ ಕೆಳಗಿಟ್ಟು ಬಂದರು. "ನಿಮ್ಮಮ್ಮನೂ ಇದೇ ಮನೇಲಿ ನಗ್ತಾ ನಗ್ತಾನೇ ಹೆತ್ಲು ಕಣವ್ವ" ಎಂದರು. ಅಷ್ಟೇ. ಮರುದಿನ ಇಬ್ಬರೂ ಕೂಡಿ ಆಸ್ಪತ್ರೆ ನೋಡಲು ಹೋದರು.

ಯಾಕೆ ಆಸ್ಪತ್ರೆಯೇ?

ಮನೆ ಹೆರಿಗೆಯ ಅಪಾಯವೆಲ್ಲ ಹೇಳಿ ಬರುವುದಿಲ್ಲ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಮಿಕ್ಕಿ ರಕ್ತ ಹರಿಯುತ್ತಿರುತ್ತದೆ. ಮಗು ಹುಟ್ಟಿ ಮಾಸು ಬಿದ್ದ ಮೇಲೆ ಗರ್ಭಕೋಶ ಬಿಗಿಯಾಗಿ ಮುದುಡಿಕೊಂಡು ಆ ರಕ್ತನಾಳಗಳ ಬಾಯಿ ಮುಚ್ಚಬೇಕು. ಮುದುಡದಿದ್ದರೆ ನಲ್ಲಿ ತಿರುಗಿಸಿ ಬಿಟ್ಟ ಹಾಗೆಯೇ. ಆರೋಗ್ಯವಾಗಿದ್ದ ಹೆಂಗಸು ಕೂಡ ಎರಡು ಗಂಟೆಯೊಳಗೆ ಪ್ರಾಣ ಬಿಡಬಹುದು. ಆಸ್ಪತ್ರೆಯಲ್ಲಿ ಮಗು ಹುಟ್ಟಿದ ಕೂಡಲೇ ಗರ್ಭಕೋಶ ಮುದುಡಲೆಂದು ಆಕ್ಸಿಟೋಸಿನ್ ಎಂಬ ಇಂಜೆಕ್ಷನ್ ಕೊಡುತ್ತಾರೆ. ಇಷ್ಟು ಚಿಕ್ಕ ಇಂಜೆಕ್ಷನ್ ಎಷ್ಟೋ ತಾಯಂದಿರನ್ನು ಉಳಿಸಿದೆ. 2018ರ ಜುಲೈನಲ್ಲಿ ತಮಿಳುನಾಡಿನ ತಿರುಪ್ಪೂರಿನಲ್ಲಿ ಯೂಟ್ಯೂಬ್ ನೋಡಿಕೊಂಡು ಮನೆಯಲ್ಲೇ ಹೆರಿಗೆ ಮಾಡಹೋಗಿ 28 ವರ್ಷದ ಶಿಕ್ಷಕಿಯೊಬ್ಬರು ಸತ್ತದ್ದೂ ರಕ್ತಸ್ರಾವದಿಂದಲೇ.

ವಿದೇಶದ ಮಾತೂ ಪೂರ್ತಿ ತಿಳಿಯಬೇಕು. ನೆದರ್ಲೆಂಡ್ಸ್‌ನಂಥ ದೇಶದಲ್ಲಿ ಕೆಲವರು ಮನೆಯಲ್ಲಿ ಹೆರುವುದು ನಿಜ. ಆದರೆ ಯಾವ ತೊಂದರೆಯೂ ಇಲ್ಲವೆಂದು ಪರೀಕ್ಷೆಯಾದವರಿಗೆ ಮಾತ್ರ ಅದು. ವರ್ಷಗಟ್ಟಲೆ ಓದಿ ಪರವಾನಗಿ ಪಡೆದ ಪ್ರಸೂತಿ ದಾದಿ ಔಷಧದ ಪೆಟ್ಟಿಗೆಯೊಡನೆ ಪಕ್ಕದಲ್ಲಿರುತ್ತಾಳೆ. ಕರೆದ ಕೂಡಲೇ ಆಂಬುಲೆನ್ಸ್ ಬರುತ್ತದೆ. ಅದೆಲ್ಲ ಬಿಟ್ಟು ಮನೆಯೊಂದನ್ನೇ ಅನುಕರಿಸಿದರೆ ಉಪಯೋಗವೇನು?

ಸರ್ಕಾರದ ಲೆಕ್ಕವನ್ನೇ ನೋಡಿ. 2005-06ರ ಸಮೀಕ್ಷೆಯಲ್ಲಿ ಕರ್ನಾಟಕದ 100 ಹೆರಿಗೆಗಳಲ್ಲಿ ಸುಮಾರು 65 ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019-21ರಲ್ಲಿ ಅದು 97ಕ್ಕೆ ಏರಿತು. 2001-03ರಲ್ಲಿ ನಮ್ಮ ರಾಜ್ಯದಲ್ಲಿ ಒಂದು ಲಕ್ಷ ಜೀವಂತ ಶಿಶುಜನನಕ್ಕೆ 228 ತಾಯಂದಿರು ಸಾಯುತ್ತಿದ್ದರೆ, 2018-20ರಲ್ಲಿ ಅದು 69ಕ್ಕೆ ಇಳಿಯಿತು. ಇದೆಲ್ಲ ಆಸ್ಪತ್ರೆಯೊಂದರಿಂದಲೇ ಆಯಿತೆಂದಲ್ಲ. ರಸ್ತೆ, ವಾಹನ, ಕಬ್ಬಿಣದ ಮಾತ್ರೆ, ಮಕ್ಕಳ ಸಂಖ್ಯೆ ಕಡಿಮೆಯಾದದ್ದು ಎಲ್ಲವೂ ಸೇರಿದೆ. ಆದರೂ ಆಸ್ಪತ್ರೆಯ ಪಾಲು ದೊಡ್ಡದು.

ಭಯಕ್ಕೂ ಕಾರಣವಿದೆ

ಹಾಗೆಂದು ಆಸ್ಪತ್ರೆ ಎಂದರೆ ಸ್ವರ್ಗವೆಂದು ನಾನು ಹೇಳುವುದಿಲ್ಲ. ಬೇನೆ ತಿನ್ನುವವಳನ್ನು ಗದರುವವರಿದ್ದಾರೆ. ಆಯಾಗಳಿಗೆ ಕೈ ಬಿಸಿ ಮಾಡಬೇಕಾದ ಕಡೆಯೂ ಇದೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಮೇಲೊಬ್ಬರು ತೀರಿಕೊಂಡು, ಡ್ರಿಪ್ಪಿನ ದ್ರಾವಣದ ಮೇಲೆಯೇ ಸಂಶಯ ಬಂದಾಗ ರಾಜ್ಯದ ಬಸುರಿಯರೆಲ್ಲ ನಡುಗಿದರು. ಸಿಸೇರಿಯನ್ ಹೆಚ್ಚುತ್ತಿರುವುದೂ ಸುಳ್ಳಲ್ಲ. ಅದೇ 2019-21ರ ಸಮೀಕ್ಷೆಯಂತೆ ರಾಜ್ಯದಲ್ಲಿ 100ಕ್ಕೆ ಸುಮಾರು 31 ಹೆರಿಗೆ ಆಪರೇಷನ್ನಿನಿಂದ ಆದವು. ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕೂ ಮಿಕ್ಕಿ!

ಇದಕ್ಕೆ ಔಷಧ ಮನೆಗೆ ಓಡುವುದಲ್ಲ. ಒಳ್ಳೆಯ ಆಸ್ಪತ್ರೆಯನ್ನು ಮೊದಲೇ ಹುಡುಕುವುದು, ಬಾಯಿ ಬಿಟ್ಟು ಕೇಳುವುದು. ಸೀರೆಯಂಗಡಿಯಲ್ಲಿ ಇಪ್ಪತ್ತು ಸೀರೆ ಬಿಡಿಸಿ ನೋಡುವ ನಮಗೆ ಇಲ್ಲೇಕೆ ಸಂಕೋಚ?

ಆರನೇ ತಿಂಗಳಲ್ಲೇ ಹೋಗಿ ಇವನ್ನು ಕೇಳಿ:

• ರಾತ್ರಿ ಹೊತ್ತು ಡಾಕ್ಟರು ಆಸ್ಪತ್ರೆಯಲ್ಲೇ ಇರುತ್ತಾರೆಯೇ, ಫೋನ್ ಮಾಡಿ ಕರೆಸಬೇಕೇ?
• ಆಪರೇಷನ್ ಬೇಕಾದರೆ ಇಲ್ಲೇ ಆಗುತ್ತದೆಯೇ? ಅರಿವಳಿಕೆ ಕೊಡುವ ಡಾಕ್ಟರು ಇದ್ದಾರೆಯೇ?
• ರಕ್ತ ಎಲ್ಲಿಂದ ಬರುತ್ತದೆ? ಎಷ್ಟು ಹೊತ್ತಾಗುತ್ತದೆ?
• ಮಗುವಿಗೆ ತೊಂದರೆಯಾದರೆ ಮಕ್ಕಳ ಡಾಕ್ಟರು, ಬೆಚ್ಚಗಿಡುವ ವಾರ್ಮರ್ ಇದೆಯೇ?
• ಹೆರಿಗೆ ಕೋಣೆಯೊಳಗೆ ಜೊತೆಗೆ ಒಬ್ಬ ಹೆಂಗಸನ್ನು ಬಿಡುತ್ತಾರೆಯೇ? (ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಡಬೇಕೆಂದು ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ.)

ಸಿಸೇರಿಯನ್ ಎಂದಾಗ "ಏನು ಕಾರಣ? ಇನ್ನೂ ಕಾಯಬಹುದೇ?" ಎಂದು ಮರ್ಯಾದೆಯಿಂದ ಕೇಳಿ. ಮಗುವಿನ ಎದೆಬಡಿತ ಇಳಿಯುತ್ತಿದೆ, ಮಗು ಅಡ್ಡವಿದೆ, ಬಿಪಿ ಏರಿದೆ ಎಂದರೆ ಪಂಚಾಂಗ ತೆಗೆದು ಮುಹೂರ್ತ ನೋಡುತ್ತಾ ಕೂರಬೇಡಿ. ಅಲ್ಲಿ ನಿಮಿಷಕ್ಕೂ ಬೆಲೆಯಿದೆ.

ಏನೂ ತೊಂದರೆಯಿಲ್ಲದವರಿಗೆ ದಿನದ 24 ಗಂಟೆಯೂ ತೆರೆದಿರುವ ಪ್ರಾಥಮಿಕ ಆರೋಗ್ಯ ಕೇಂದ್ರವೂ ಆಗಬಹುದು. ಆದರೆ ಹಿಂದೆ ಸಿಸೇರಿಯನ್ ಆದವರು, ಅವಳಿ ಇರುವವರು, ಬಿಪಿ ಅಥವಾ ಸಕ್ಕರೆ ಕಾಯಿಲೆ ಇರುವವರು, ರಕ್ತ ತೀರಾ ಕಡಿಮೆ ಇರುವವರು, ಮಾಸು ಕೆಳಗಿದೆ ಎಂದು ಸ್ಕ್ಯಾನಿಂಗಿನಲ್ಲಿ ಕಂಡವರು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯನ್ನೇ ಗೊತ್ತು ಮಾಡಿಕೊಳ್ಳಬೇಕು.

ನಮಗೆ ಸಲ್ಲಬೇಕಾದದ್ದು

ತಾಯಿ ಕಾರ್ಡನ್ನು ಮೂರು ತಿಂಗಳೊಳಗೆ ಮಾಡಿಸಿ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಉಚಿತ ತಪಾಸಣೆಯ ಏರ್ಪಾಡು 2016ರಲ್ಲಿ ಬಂತು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಊಟ ಎಲ್ಲ ಉಚಿತ. ಹೋಗಿ ಬರುವ ವಾಹನವೂ ಉಚಿತ. ಇದು ಯಾರೂ ಕೊಡುವ ದಾನವಲ್ಲ, ನಮ್ಮ ಹಕ್ಕು. ಕೇಳಲು ನಾಚಿಕೆ ಬೇಡ.

ಅಡಿಗೆಮನೆಯಿಂದಲೇ ಸಿದ್ಧತೆ

ಹೆರಿಗೆಯಲ್ಲಿ ಎಷ್ಟೋ ರಕ್ತ ಹೋಗುತ್ತದೆ. ಮೊದಲೇ ರಕ್ತ ಕಡಿಮೆ ಇದ್ದವಳು ಸ್ವಲ್ಪ ಹೋದರೂ ತಾಳಲಾರಳು. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿರಬಾರದು. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ ಕಬ್ಬಿಣದ ಮಾತ್ರೆ ನುಂಗಲೇಬೇಕು. ಮಲ ಕಪ್ಪಾಯಿತೆಂದು ಗಾಬರಿಯಾಗಿ ಬಿಡಬೇಡಿ, ಅದು ಸಹಜ. ಕಾಫಿ, ಟೀ, ಕ್ಯಾಲ್ಸಿಯಂ ಮಾತ್ರೆಗಳ ಜೊತೆಗೆ ಮಾತ್ರ ಬೇಡ, ಮೈಗೆ ಹತ್ತುವುದಿಲ್ಲ. ನಿಂಬೆಹಣ್ಣಿನ ಪಾನಕದ ಜೊತೆ ತೆಗೆದುಕೊಂಡರೆ ಚೆನ್ನಾಗಿ ಹತ್ತುತ್ತದೆ. ರಾಗಿಮುದ್ದೆ, ಹುರುಳಿಕಾಳು ಸಾರು, ಮೊಳಕೆ ಕಟ್ಟಿದ ಹೆಸರುಕಾಳಿನ ಕೋಸಂಬರಿಗೆ ನಿಂಬೆರಸ, ವಾರಕ್ಕೆರಡು ಸಲ ನುಗ್ಗೆಸೊಪ್ಪಿನ ಪಲ್ಯ, ತಿನ್ನುವವರಾದರೆ ಮೊಟ್ಟೆ. ಇದಕ್ಕೆ ಹೆಚ್ಚು ಹಣವೇನೂ ಬೇಡ. "ಹೆಚ್ಚು ತಿಂದರೆ ಮಗು ದಪ್ಪವಾಗಿ ಹೆರಿಗೆ ಕಷ್ಟ" ಎಂದು ಬಸುರಿಯ ತಟ್ಟೆಗೆ ಕೈ ಅಡ್ಡ ಹಿಡಿಯುವ ಅತ್ತೆಯರು ದಯವಿಟ್ಟು ಆ ಮಾತು ಬಿಡಬೇಕು.

ಚೀಲ ಕಟ್ಟಿಡಿ

ಎಂಟನೇ ತಿಂಗಳಲ್ಲೇ ಒಂದು ಚೀಲ ತುಂಬಿ ಬಾಗಿಲ ಬಳಿ ಇಡಿ. ತಾಯಿ ಕಾರ್ಡು, ಸ್ಕ್ಯಾನಿಂಗ್ ಕಾಗದಗಳು, ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ. ಮುಂದೆ ಗುಂಡಿಯಿರುವ ಎರಡು ನೈಟಿ. ಒಗೆದು ಬಿಸಿಲಿಗೆ ಒಣಗಿಸಿದ ಹಳೆಯ ಹತ್ತಿ ಸೀರೆಯ ತುಂಡುಗಳು, ದೊಡ್ಡ ಪ್ಯಾಡುಗಳು, ಮಗುವಿಗೆ ಟೋಪಿ, ಕಾಲುಚೀಲ. ಸೋಪು, ಫ್ಲಾಸ್ಕು, ಲೋಟ, ಚಮಚ. ಫೋನಿನ ಚಾರ್ಜರು. ಸ್ವಲ್ಪ ಕೈಹಣ. ರಕ್ತ ಕೊಡಲು ಒಪ್ಪಿದ ಇಬ್ಬರ ಹೆಸರು, ನಂಬರು ಒಂದು ಚೀಟಿಯಲ್ಲಿ ಬರೆದು ಹಾಕಿ. ಮನೆಯಲ್ಲಿ ದೊಡ್ಡ ಮಗುವಿದ್ದರೆ ಅದನ್ನು ಯಾರ ಹತ್ತಿರ ಬಿಡುವುದೆಂದೂ ಮೊದಲೇ ಮಾತಾಡಿಕೊಳ್ಳಿ.

ಯಾವಾಗ ಹೊರಡಬೇಕು?

ಬೇನೆ ಬೆನ್ನಿನಿಂದ ಮುಂದಕ್ಕೆ ಬಂದು ಐದೈದು ನಿಮಿಷಕ್ಕೆ ತಪ್ಪದೆ ಬರತೊಡಗಿದರೆ ಹೊರಡಿ. ಆಸ್ಪತ್ರೆ ದೂರವಿದ್ದರೆ, ಅಥವಾ ಇದು ಚೊಚ್ಚಲಲ್ಲದಿದ್ದರೆ, ಅದಕ್ಕೂ ಮೊದಲೇ. ನೀರು ಹೋದರೆ ಬೇನೆಗೆ ಕಾಯಬೇಡಿ. ಮಗುವಿನ ಮಿಸುಕಾಟ ಕಡಿಮೆಯಾದರೆ, ರಕ್ತ ಕಂಡರೆ, ವಿಪರೀತ ತಲೆನೋವು, ಕಣ್ಣು ಮಂಜು, ಮುಖ ಕೈ ಊತ, ಫಿಟ್ಸ್, ಜ್ವರ ಇವುಗಳಲ್ಲಿ ಯಾವುದು ಬಂದರೂ, ಯಾವ ತಿಂಗಳಾದರೂ, ತಕ್ಷಣ 108ಕ್ಕೆ ಫೋನ್ ಮಾಡಿ.

ಒಮ್ಮೊಮ್ಮೆ ಗಾಡಿ ಬರುವ ಮುಂಚೆಯೇ ಮಗು ಬಂದುಬಿಡುವುದುಂಟು. ಧೈರ್ಯಗೆಡಬೇಡಿ. ಮಗುವನ್ನು ಒರೆಸಿ ತಾಯಿಯ ಬರಿ ಎದೆಯ ಮೇಲೆ ಮಲಗಿಸಿ, ಮೇಲೆ ಬಟ್ಟೆ ಹೊದಿಸಿ, ಮೊಲೆಗೆ ಹಿಡಿಸಿ. ಹೊಕ್ಕುಳಬಳ್ಳಿ ಎಳೆಯಬೇಡಿ, ಕುಡುಗೋಲು ಹಳೆ ಬ್ಲೇಡಿನಿಂದ ಕತ್ತರಿಸಬೇಡಿ, ಬೂದಿ ಅರಿಶಿನ ಮೆತ್ತಬೇಡಿ. ಮಾಸು ಬೀಳಲೆಂದು ಹೊಟ್ಟೆ ಒತ್ತಬೇಡಿ. ಆಮೇಲೆ ತಾಯಿ ಮಗು ಇಬ್ಬರೂ ಆಸ್ಪತ್ರೆಗೆ ಹೋಗಲೇಬೇಕು. ಎಲ್ಲ ಚೆನ್ನಾಗಿದೆ ಎಂದು ನಿಲ್ಲುವ ಹಾಗಿಲ್ಲ.

ಇನ್ನು ನಮ್ಮ ಬಾಣಂತನ. ಎಣ್ಣೆ ನೀರು, ಮೆಣಸು ಬೆಳ್ಳುಳ್ಳಿಯ ಸಾರು, ಬೆಚ್ಚನೆಯ ಮೂಲೆ, ಅಮ್ಮನ ಕೈ, ಇವನ್ನು ಯಾವ ಆಸ್ಪತ್ರೆಯೂ ಕೊಡಲಾರದು. ಹೆತ್ತು ಬಂದ ಮೇಲೆ ಇದಕ್ಕೆಲ್ಲ ಮನೆಯೇ ಸರಿ. ಹೆರುವ ಆ ಕೆಲವು ಗಂಟೆ ಮಾತ್ರ ಆಸ್ಪತ್ರೆಗೆ ಬಿಟ್ಟುಕೊಡೋಣ.

ನಮ್ಮೆಲ್ಲರ ಗೋಡೆಯ ಮೇಲೂ ಹಾಲಿನ ಲೆಕ್ಕ, ಗ್ಯಾಸ್ ಬಂದ ತಾರೀಖು ಬರೆಯುವ ಒಂದು ಕ್ಯಾಲೆಂಡರು ಇರುತ್ತದೆಯಲ್ಲ? ಮನೆಯಲ್ಲಿ ಬಸುರಿ ಇದ್ದರೆ ಇವತ್ತೇ ಅದರ ಮೇಲೆ ದೊಡ್ಡಕ್ಷರದಲ್ಲಿ ದಿನ ತುಂಬುವ ತಾರೀಖು, ಆಸ್ಪತ್ರೆಯ ಫೋನು, ಆಶಾ ಕಾರ್ಯಕರ್ತೆಯ ನಂಬರು, ಪಕ್ಕದ ಬೀದಿಯ ಆಟೋದವನ ನಂಬರು ಬರೆದಿಡಿ. ಕೆಂಪು ಪೆನ್ನಾದರೆ ಇನ್ನೂ ಒಳ್ಳೆಯದು, ರಾತ್ರಿ ಅವಸರದಲ್ಲಿ ಬೇಗ ಕಾಣುತ್ತದೆ.