ಬಾಯಿಯ ಬಿಳಿ ಪದರ ಮತ್ತೆ ಮತ್ತೆ ಬಂದರೆ

ಹಾಲು ಕುಡಿಯುವ ಕೂಸಿನ ನಾಲಿಗೆಯ ಮೇಲೆ ಒಡೆದ ಮೊಸರಿನಂಥ ಬಿಳಿ ಪದರವನ್ನು ಎಷ್ಟೋ ತಾಯಂದಿರು ಕಂಡಿರುತ್ತಾರೆ. ಒರೆಸಿದರೆ ಅಷ್ಟು ಸುಲಭವಾಗಿ ಹೋಗದು. ಹೋದರೆ ಅಡಿಯಲ್ಲಿ ಕೆಂಪಗೆ ಕಾಣುತ್ತದೆ. ಇದು ಕ್ಯಾಂಡಿಡಾ ಎಂಬ ಶಿಲೀಂಧ್ರದ ಕೆಲಸ. ವೈದ್ಯರು ಕೊಡುವ ಹನಿಗಳಿಂದ ಸಾಮಾನ್ಯವಾಗಿ ವಾಸಿಯಾಗುತ್ತದೆ. ಇನ್‌ಹೇಲರ್ ಬಳಸಿದ ಮೇಲೆ ಬಾಯಿ ಮುಕ್ಕಳಿಸದ ಆಸ್ತಮಾ ರೋಗಿಗಳಲ್ಲಿ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯವರಲ್ಲಿ, ಕಟ್ಟಿಸಿಕೊಂಡ ಹಲ್ಲುಸೆಟ್ಟನ್ನು ರಾತ್ರಿಯೂ ತೆಗೆಯದ ವೃದ್ಧರಲ್ಲಿ ಸಹ ಇದು ಬರುವುದುಂಟು.

ಆದರೆ ಶಾಲೆಗೆ ಹೋಗುವ ಮಗುವಿಗೆ ಇಂಥ ಯಾವ ಕಾರಣವೂ ಇಲ್ಲದೆ, ಔಷಧಿ ನಿಲ್ಲಿಸಿದೊಡನೆ ಪದರ ಮರಳುತ್ತಿದ್ದರೆ? ಬಾಯಿಯ ಮೂಲೆಗಳು ಸದಾ ಸೀಳಿಕೊಂಡಿದ್ದರೆ? ಆಗ ದೋಷ ಶಿಲೀಂಧ್ರದ್ದಲ್ಲ. ಕ್ಯಾಂಡಿಡಾ ಆರೋಗ್ಯವಂತರಾದ ಬಹಳ ಮಂದಿಯ ಬಾಯಲ್ಲೂ ಸದ್ದಿಲ್ಲದೆ ಇರುತ್ತದೆ. ಅದನ್ನು ಕಾಯುವ ಕಾವಲುಗಾರ ಎಲ್ಲಿ ಹೋದ ಎಂದು ಹುಡುಕಬೇಕು.

ಕಾವಲು ತಪ್ಪುವ ಒಂದು ವಿಚಿತ್ರ ಬಗೆಗೆ ಎಪೆಸೆಡ್ ಎಂಬ ವಂಶವಾಹಿ ರೋಗ ಉದಾಹರಣೆ. ಫಿನ್ಲೆಂಡಿನಲ್ಲಿ ಸುಮಾರು 25,000 ಜನರಲ್ಲಿ ಒಬ್ಬರಿಗೆ ಇದೆ. ಸಾರ್ಡೀನಿಯಾ ದ್ವೀಪದವರಲ್ಲಿ, ಇರಾನ್ ಮೂಲದ ಯೆಹೂದ್ಯರಲ್ಲಿ ಕೂಡ ಹೆಚ್ಚು. ಉಳಿದೆಡೆ ವಿರಳ, ಭಾರತದಲ್ಲೂ ರೋಗಿಗಳು ಪತ್ತೆಯಾಗಿದ್ದಾರೆ.

ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯನ್ನು ಬಿಳಿ ರಕ್ತಕಣಗಳ ಪಾಠಶಾಲೆ ಎನ್ನಬಹುದು. ದೇಹದ ಬೇರೆ ಬೇರೆ ಅಂಗಗಳ ಪ್ರೋಟೀನುಗಳ ಮಾದರಿಗಳನ್ನು ಅಲ್ಲಿ ತೋರಿಸಿ, 'ಇವು ನಮ್ಮವು, ಮುಟ್ಟಬೇಡ' ಎಂದು ಕಲಿಸಲಾಗುತ್ತದೆ. ಕಲಿಯದವು ಅಲ್ಲೇ ನಾಶವಾಗುತ್ತವೆ. ಮಾದರಿಗಳನ್ನು ಒದಗಿಸುವ 'ಏರ್' ಎಂಬ ಜೀನ್ 1997ರಲ್ಲಿ ಪತ್ತೆಯಾಯಿತು. ಅದು ಕೆಟ್ಟಾಗ ಪಾಠ ಕಲಿಯದ ಕಣಗಳು ಹೊರಬಿದ್ದು ಸ್ವಂತ ಮನೆಯನ್ನೇ ಒಡೆಯುತ್ತವೆ.

ಬಾಯಿಯ ಶಿಲೀಂಧ್ರವನ್ನು ಹತೋಟಿಯಲ್ಲಿಡುವ ಇಂಟರ್‌ಲ್ಯೂಕಿನ್-17 ಎಂಬ ಸಂದೇಶವಾಹಕ ವಸ್ತುವಿನ ವಿರುದ್ಧವೇ ಈ ರೋಗಿಗಳ ರಕ್ತದಲ್ಲಿ ಪ್ರತಿಕಾಯಗಳಿರುವುದು 2010ರಲ್ಲಿ ತಿಳಿಯಿತು. ಕಥೆ ಅಲ್ಲಿಗೇ ಮುಗಿಯಲಿಲ್ಲ. ಬಾಯಿಯ ಒಳಪೊರೆಯಲ್ಲಿ ಗಾಮಾ ಇಂಟರ್‌ಫೆರಾನ್ ಅತಿಯಾಗಿ, ಪೊರೆಯೇ ಹಾಳಾಗುವುದು ಮುಖ್ಯ ಕಾರಣವೆಂದು 2021ರಲ್ಲಿ ಇನ್ನೊಂದು ಅಧ್ಯಯನ ತೋರಿಸಿತು. 2024ರಲ್ಲಿ ವರದಿಯಾದ ಐವರು ರೋಗಿಗಳಿಗೆ ಈ ಅತಿರೇಕವನ್ನು ತಗ್ಗಿಸುವ ರುಕ್ಸೋಲಿಟಿನಿಬ್ ಮಾತ್ರೆಯಿಂದ ಗುಣ ಕಂಡಿತು. ಐವರೆಂದರೆ ಸಣ್ಣ ಸಂಖ್ಯೆ, ನಿಜ.

ವೈರಸ್‌ಗಳ ವಿಷಯದಲ್ಲಿ ವೈದ್ಯರು ಬಹುಕಾಲ ನಿಶ್ಚಿಂತರಾಗಿದ್ದರು. ವೈರಸ್ ತಡೆಯುವ ಮೊದಲ ಬಗೆಯ ಇಂಟರ್‌ಫೆರಾನ್‌ಗಳ ವಿರುದ್ಧವೂ ಬಹುತೇಕ ಎಲ್ಲ ಎಪೆಸೆಡ್ ರೋಗಿಗಳಲ್ಲಿ ಪ್ರತಿಕಾಯಗಳಿವೆ ಎಂದು 2006ರಲ್ಲೇ ಗೊತ್ತಿತ್ತು. ಆದರೂ ಅವರಿಗೆ ವೈರಸ್ ಕಾಟ ಅಷ್ಟಾಗಿ ಕಂಡಿರಲಿಲ್ಲ. ಕೋವಿಡ್ ಬಂದು ಈ ನಂಬಿಕೆಯನ್ನು ಅಲುಗಿಸಿತು. ಸೋಂಕು ತಗುಲಿದ 22 ರೋಗಿಗಳನ್ನು ಕುರಿತ 2021ರ ವರದಿಯಲ್ಲಿ, 19 ಮಂದಿ ಆಸ್ಪತ್ರೆ ಸೇರಿದ್ದರು, ನಾಲ್ವರು ತೀರಿಕೊಂಡರು. ಹೆಚ್ಚಿನವರು ವೃದ್ಧರಲ್ಲ, ಎಳೆಯರು.

ಮನೆಯವರು ಗಮನಿಸಬೇಕಾದದ್ದು ಬಾಯಿಯ ಆಚೆಗೂ ಇದೆ. ಪ್ಯಾರಾಥೈರಾಯ್ಡ್ ಗ್ರಂಥಿ ಹಾಳಾದರೆ ರಕ್ತದ ಕ್ಯಾಲ್ಸಿಯಂ ಕುಸಿದು ಕೈ ಬೆರಳುಗಳು ಸೆಟೆದುಕೊಳ್ಳುತ್ತವೆ, ಫಿಟ್ಸ್ ಬರುತ್ತದೆ; ಮೂರ್ಛೆರೋಗವೆಂದು ವರ್ಷಗಟ್ಟಲೆ ಮಾತ್ರೆ ನುಂಗಿಸುವುದೂ ಉಂಟು. ಅಡ್ರೀನಲ್ ಗ್ರಂಥಿ ಸೋತರೆ ಸುಸ್ತು, ವಾಂತಿ, ಉಪ್ಪಿನ ಬಯಕೆ, ಮೈ ಕಪ್ಪಾಗುತ್ತದೆ. ಇಂಥವರಿಗೆ ಸಾಧಾರಣ ಜ್ವರವೂ ಪ್ರಾಣಕ್ಕೆ ಎರವಾಗಬಲ್ಲದು. ಶಿಲೀಂಧ್ರ, ಕ್ಯಾಲ್ಸಿಯಂ, ಅಡ್ರೀನಲ್ ಈ ಮೂರರಲ್ಲಿ ಎರಡು ತೊಂದರೆ ಕೂಡಿದರೆ ರೋಗ ಎಪೆಸೆಡ್ ಎಂದು ವೈದ್ಯರು ತೀರ್ಮಾನಿಸುತ್ತಾರೆ.

ಬಿಳಿ ಪದರವನ್ನು ಹಾಗೆಯೇ ಬಿಡಲಾಗದು. ಫಿನ್ಲೆಂಡಿನಲ್ಲಿ 25 ವರ್ಷ ದಾಟಿದ ರೋಗಿಗಳ ಪೈಕಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಬಾಯಿ ಅಥವಾ ಅನ್ನನಾಳದ ಕ್ಯಾನ್ಸರ್ ಬಂದದ್ದುಂಟು. ಹೀಗಾಗಿ ಬೀಡಿ, ಸಿಗರೇಟು, ಹೊಗೆಸೊಪ್ಪು ಇವರಿಗೆ ಸುತರಾಂ ಕೂಡದು. ಔಷಧಿ ಅಂಗಡಿಯಲ್ಲಿ ಕೇಳಿ ತಂದು ಅರ್ಧಂಬರ್ಧ ನುಂಗುವುದೂ ಸಲ್ಲದು. ಪದೇ ಪದೇ ಬಳಸಿದರೆ ಫ್ಲುಕೊನಜೋಲ್‌ಗೆ ಶಿಲೀಂಧ್ರ ಬಗ್ಗದೆ ಹೋಗುತ್ತದೆ. ಕೀಟೊಕೊನಜೋಲ್ ಮಾತ್ರೆಯಂತೂ ಮೊದಲೇ ಬಳಲಿದ ಅಡ್ರೀನಲ್ ಗ್ರಂಥಿಯನ್ನು ಇನ್ನಷ್ಟು ಕುಗ್ಗಿಸಬಲ್ಲದು.

ಸಾಮಾನ್ಯವಾಗಿ ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ರೋಗ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿಯಿರುವ ನಮ್ಮಲ್ಲಿ ಇದನ್ನು ನೆನಪಿಡಬೇಕು. ಇಬ್ಬರಲ್ಲೂ ಆ ಜೀನ್ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಂಭವ. ಒಂದು ಮಗುವಿನಲ್ಲಿ ರೋಗ ಖಚಿತವಾದರೆ ಒಡಹುಟ್ಟಿದವರನ್ನೂ ಪರೀಕ್ಷೆ ಮಾಡಿಸಿ. ಅವರ ಬಾಯಿ ಸ್ವಚ್ಛವಾಗಿಯೇ ಇದ್ದು, ಮೊದಲ ಲಕ್ಷಣ ಫಿಟ್ಸ್ ಆಗಿರಬಹುದು.