ಲಂಡನ್–ಇಸ್ತಾಂಬುಲ್: ದೂರ ಒಂದೇ, ಹೊತ್ತು ಬೇರೆ

ಲಂಡನ್ನಿನ ಹೀಥ್ರೂದಿಂದ ಇಸ್ತಾಂಬುಲ್ ವಿಮಾನ ನಿಲ್ದಾಣಕ್ಕೆ ಆಕಾಶಮಾರ್ಗದಲ್ಲಿ ಸುಮಾರು 2,490 ಕಿ.ಮೀ. ದೂರ. ರಸ್ತೆ ಹಿಡಿದರೆ ಇದು 3,000 ಕಿ.ಮೀ. ಆಸುಪಾಸಿಗೆ ಬೆಳೆಯುತ್ತದೆ. ಮೊದಲ ಲೆಕ್ಕ ಮಹಾವೃತ್ತದ್ದು. ಭೂಮಿಯ ಕೇಂದ್ರವನ್ನೇ ತನ್ನ ಕೇಂದ್ರವಾಗಿಟ್ಟುಕೊಂಡು ಎರಡೂ ಊರುಗಳ ಮೇಲೆ ಹಾಯುವ ವೃತ್ತದ ತುಣುಕೇ ಅವುಗಳ ನಡುವಿನ ಅತಿ ಹತ್ತಿರದ ದಾರಿ. ಇಲ್ಲಿ ಅದು ಬೆಲ್ಜಿಯಂ, ಜರ್ಮನಿ, ಆಸ್ಟ್ರಿಯಾ, ಹಂಗೇರಿಗಳನ್ನು ದಾಟಿ ಬಾಲ್ಕನ್ ನಾಡುಗಳ ಮೇಲೆ ಸಾಗುತ್ತದೆ.

ಇಳಿಯುವ ನಿಲ್ದಾಣ ಯಾವುದೆಂಬುದನ್ನೂ ನೋಡಬೇಕು. 2019ರ ಏಪ್ರಿಲ್‌ನಲ್ಲಿ ನಗರದ ಮುಖ್ಯ ನಿಲ್ದಾಣವಾದ ಇಸ್ತಾಂಬುಲ್ ವಿಮಾನ ನಿಲ್ದಾಣ ಯುರೋಪಿನ ಬದಿಯಲ್ಲಿದೆ. ನಗರದ ಇನ್ನೊಂದು ನಿಲ್ದಾಣವಾದ ಸಬೀಹಾ ಗೋಕ್ಚೆನ್ ಇರುವುದು ಬಾಸ್ಪೊರಸ್ ಜಲಸಂಧಿಯ ಆಚೆ, ಏಷ್ಯಾದಲ್ಲಿ! ಊರು ಒಂದೇ ಆದರೂ ಅಲ್ಲಿ ಇಳಿದವರು ಖಂಡವನ್ನೇ ಬದಲಿಸಿರುತ್ತಾರೆ.

ಈ ಮಾರ್ಗದ ಜೆಟ್ ವಿಮಾನಗಳು ಹತ್ತು–ಹನ್ನೆರಡು ಕಿ.ಮೀ. ಎತ್ತರದಲ್ಲಿ ಗಂಟೆಗೆ ಸುಮಾರು 830 ಕಿ.ಮೀ. ವೇಗದಲ್ಲಿ ಹಾರುತ್ತವೆ. ಭಾಗಿಸಿ ನೋಡಿದರೆ ಮೂರು ಗಂಟೆ ಸಾಕು. ಆದರೆ ಟಿಕೆಟ್ಟಿನ ಪ್ರಕಾರ ಪ್ರಯಾಣ ಹೆಚ್ಚುಕಡಿಮೆ ನಾಲ್ಕು ಗಂಟೆಯದು. ಅಲ್ಲಿ ಎಣಿಸುವುದು ಬರಿಯ ಹಾರಾಟವನ್ನಲ್ಲ, ವಿಮಾನ ನಿಂತ ಜಾಗದಿಂದ ಕದಲಿ ಇನ್ನೊಂದು ನಿಲ್ದಾಣದಲ್ಲಿ ಬಂದು ನಿಲ್ಲುವ ತನಕದ ಹೊತ್ತನ್ನು. ರನ್‌ವೇ ತನಕದ ತೆವಳಾಟ, ಸರದಿಯ ಕಾಯುವಿಕೆ, ಏರುವಾಗ ಮತ್ತು ಇಳಿಯುವಾಗಿನ ಕಡಿಮೆ ವೇಗ ಎಲ್ಲವೂ ಅದರೊಳಗಿವೆ. ಎರಡೇ ರನ್‌ವೇಗಳ ಹೀಥ್ರೂವಿನಲ್ಲಿ ದಟ್ಟಣೆಯ ವೇಳೆ ಬಂದ ವಿಮಾನಗಳು ಆಕಾಶದಲ್ಲೇ ಸುತ್ತುಹಾಕುತ್ತ ಸರದಿ ಕಾಯುವುದು ಮಾಮೂಲು.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ತರುವುದು ಗಾಳಿ. ಯುರೋಪಿನ ಮೇಲೆ, ಜೆಟ್‌ಗಳು ಹಾರುವ ಎತ್ತರದಲ್ಲಿ ಗಾಳಿ ಬಹುಪಾಲು ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಅದರಲ್ಲೇ ಕಿರಿದಾಗಿ, ರಭಸವಾಗಿ ಹರಿಯುವ ಪಟ್ಟೆಗೆ ಜೆಟ್ ಸ್ಟ್ರೀಮ್ ಎಂದು ಹೆಸರು. ಧ್ರುವದ ಕಡೆಯ ತಣ್ಣನೆಯ ಗಾಳಿಗೂ ದಕ್ಷಿಣದ ಬೆಚ್ಚನೆಯ ಗಾಳಿಗೂ ಇರುವ ತಾಪದ ಅಂತರವೇ ಇದರ ಮೂಲ. ಭೂಮಿಯ ತಿರುಗುವಿಕೆ ಈ ಹರಿವನ್ನು ಪೂರ್ವಕ್ಕೆ ಹೊರಳಿಸುತ್ತದೆ. ಚಳಿಗಾಲದಲ್ಲಿ ತಾಪದ ಅಂತರ ಹಿಗ್ಗುವುದರಿಂದ ರಭಸವೂ ಏರುತ್ತದೆ. ವಿಮಾನದ ವೇಗ ಸುತ್ತಲಿನ ಗಾಳಿಗೆ ಹೋಲಿಸಿದ್ದು. ಗಾಳಿಯೇ ಚಲಿಸುತ್ತಿದ್ದರೆ ನೆಲದ ಲೆಕ್ಕ ಬದಲಾಗಲೇಬೇಕು. ಗಂಟೆಗೆ 100 ಕಿ.ಮೀ. ಗಾಳಿ ಬೆನ್ನಿಗಿದ್ದರೆ 830 ಇದ್ದದ್ದು 930 ಆಗಿ, 2,500 ಕಿ.ಮೀ. ಸುಮಾರು 2 ಗಂಟೆ 41 ನಿಮಿಷಕ್ಕೆ ಮುಗಿಯುತ್ತದೆ. ಅದೇ ಗಾಳಿ ಎದುರಾದರೆ ವೇಗ 730ಕ್ಕೆ ಇಳಿದು 3 ಗಂಟೆ 25 ನಿಮಿಷ ಬೇಕು. ದಾರಿ ಒಂದಿಂಚೂ ಉದ್ದವಾಗದೆ ಮುಕ್ಕಾಲು ಗಂಟೆಯ ಅಂತರ! ಇದೇ ಕಾರಣಕ್ಕೆ ಪೈಲಟ್‌ಗಳು ಮಹಾವೃತ್ತಕ್ಕೆ ಅಂಟಿಕೊಂಡೇ ಹಾರುವುದಿಲ್ಲ. ಎದುರುಗಾಳಿ ಜೋರಾಗಿದ್ದ ದಿನ ಕೊಂಚ ಸುತ್ತಿನ ದಾರಿಯೇ ಬೇಗ ಮುಟ್ಟಿಸಬಹುದು, ಇಂಧನವನ್ನೂ ಉಳಿಸಬಹುದು.

ಬೇರೆ ಕೆಲವು ಮಾರ್ಗಗಳಲ್ಲಿ ಗಡಿಗಳ ಕಾಟವೂ ಇದೆ. 2022ರ ಫೆಬ್ರವರಿಯಿಂದ ಉಕ್ರೇನಿನ ಆಕಾಶ ನಾಗರಿಕ ವಿಮಾನಗಳಿಗೆ ಮುಚ್ಚಿದೆ. ಮಾಸ್ಕೋದಿಂದ ರಷ್ಯಾದ್ದೇ ಆದ ಕಲಿನಿನ್‌ಗ್ರಾಡ್‌ಗೆ ಹೋಗುವ ವಿಮಾನಗಳು ನೆರೆ ದೇಶಗಳ ಮೇಲೆ ಹಾರುವಂತಿಲ್ಲದೆ ಬಾಲ್ಟಿಕ್ ಸಮುದ್ರದ ಮೇಲಿಂದ ಬಳಸಿ ಹೋಗುತ್ತವೆ.

ಇನ್ನು ಗಡಿಯಾರದ ವಿಷಯ. ಟರ್ಕಿ 2016ರಿಂದ ವರ್ಷವಿಡೀ ಒಂದೇ ಸಮಯ ಪಾಲಿಸುತ್ತಿದೆ; ಬ್ರಿಟನ್ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತದೆ. ಹಾಗಾಗಿ ಅಂತರ ಚಳಿಗಾಲದಲ್ಲಿ ಮೂರು ಗಂಟೆ, ಬೇಸಿಗೆಯಲ್ಲಿ ಎರಡು. ಜನವರಿಯಲ್ಲಿ ಬೆಳಿಗ್ಗೆ 10ಕ್ಕೆ ಲಂಡನ್ ಬಿಟ್ಟು ನಾಲ್ಕು ಗಂಟೆ ಪಯಣಿಸಿದವರಿಗೆ ಇಸ್ತಾಂಬುಲ್‌ನಲ್ಲಿ ಸಂಜೆ 5 ಆಗಿರುತ್ತದೆ. ಟಿಕೆಟ್ಟಿನಲ್ಲಿ ಬರೆದಿರುವುದು ಆಯಾ ಊರಿನ ಸಮಯ. ನಿಜವಾದ ಅವಧಿ ಬೇಕಿದ್ದರೆ ಎರಡನ್ನೂ ಮೊದಲು ಒಂದೇ ಗಡಿಯಾರಕ್ಕೆ ತಂದು, ಆಮೇಲೆ ಕಳೆಯಬೇಕು.