ಉದರಪೊರೆಯನ್ನು ಕುರಿತ ಕೆಲವು ಭ್ರಮೆಗಳು

ಉದರಭಿತ್ತಿಯ ಒಳಮೈಗೆ ಅಂಟಿಕೊಂಡು, ಅಲ್ಲಿಂದ ಮಡಿಚಿ ಅವಯವಗಳನ್ನೂ ಹೊದಿಸಿರತಕ್ಕ ನುಣುಪಾದ ತೆಳುಪೊರೆಯೊಂದುಂಟು. ವೈದ್ಯರು ಪೆರಿಟೋನಿಯಂ ಎನ್ನುವ ಈ ಉದರಪೊರೆಯನ್ನು ಕರುಳು ತುಂಬಿದ ಚೀಲವೆಂದು ಭಾವಿಸುವವರೇ ಬಹಳ. ವಸ್ತುತಃ ಕರುಳು ಅದರೊಳಗಿಲ್ಲ. ಹಿಂದಿನಿಂದ ಪೊರೆಯನ್ನು ಒತ್ತಿಕೊಂಡು ಬಂದು ಅದರ ಮಡಿಕೆಯನ್ನೇ ಹೊದ್ದಿದೆ, ಆ ಮಡಿಕೆಯ ಮೂಲಕವೇ ರಕ್ತನಾಳಗಳನ್ನೂ ನರಗಳನ್ನೂ ಪಡೆದಿದೆ. ಮೂತ್ರಪಿಂಡಗಳಂತೂ ಪೊರೆಯ ಹಿಂದೆಯೇ ಉಳಿದಿವೆ.

ಇದು ಜಡವಾದ ಹೊದಿಕೆಯೆಂಬ ಮಾತೂ ನಿಲ್ಲದು. ವಿಸ್ತಾರದಲ್ಲಿ ಮೈಚರ್ಮಕ್ಕೆ ಹತ್ತಿರವಾದ ಈ ಪೊರೆಯು ರಕ್ತದ ಕಲ್ಮಷವನ್ನು ತನ್ನ ಮೂಲಕ ಹಾಯಗೊಡುತ್ತದೆ. ಜರ್ಮನಿಯ ಜಾರ್ಜ್ ಗ್ಯಾಂಟರ್ 1923ರಲ್ಲಿಯೇ ಈ ಗುಣವನ್ನು ಚಿಕಿತ್ಸೆಗೆ ಬಳಸಲೆತ್ನಿಸಿದನು. ಇಂದು ಮೂತ್ರಪಿಂಡ ಸೋತ ಎಷ್ಟೋ ಮಂದಿ ಮನೆಯಲ್ಲಿಯೇ ಹೊಟ್ಟೆಯೊಳಕ್ಕೆ ದ್ರವವನ್ನು ಹರಿಸಿ, ಹೊರತೆಗೆದು ಬದುಕುತ್ತಿದ್ದಾರೆ.

ಆದರೆ ಪ್ರಾಣಕ್ಕೇ ಎರವಾಗಬಲ್ಲ ಭ್ರಮೆಯೆಂದರೆ ಹೊಟ್ಟೆನೋವಿನದು. ಹೊಕ್ಕುಳ ಸುತ್ತ ನೋವೆದ್ದೊಡನೆ ‘ಹೊಕ್ಕುಳ ಸರಿದಿದೆ, ಬಟ್ಟಿ ಬಿದ್ದಿದೆ’ ಎಂದು ಹರಳೆಣ್ಣೆ ಹಚ್ಚಿ ನೀವುವ ರೂಢಿ ನಮ್ಮಲ್ಲುಂಟು. ಹೊಕ್ಕುಳೆಂಬುದು ಉದರಭಿತ್ತಿಯ ಮೇಲಿನ ಹಳೆಯ ಗಾಯದ ಕಲೆ, ಅದು ಸರಿಯುವುದಿಲ್ಲ. ಉದರಪೊರೆಯಲ್ಲಿ ಅವಯವಗಳನ್ನು ಹೊದಿಸಿರುವ ಒಳಪದರಕ್ಕೆ ಕೊಯ್ದರೂ ಸುಟ್ಟರೂ ನೋವಿಲ್ಲ. ಹಿಗ್ಗಿದಾಗಲಾದರೋ ಎಲ್ಲಿಯದೆಂದು ತಿಳಿಯದ ನೋವು. ಅಪೆಂಡಿಕ್ಸ್ ಎಂಬ ಕರುಳಿನ ಪುಟ್ಟ ಬಾಲವು ಊದಿಕೊಂಡಾಗ, ಅದರ ನರಗಳು ಹೊಕ್ಕುಳಿನ ನರಗಳೊಡನೆ ಬೆನ್ನುಹುರಿಯ ಒಂದೇ ಭಾಗವನ್ನು ಸೇರುವುದರಿಂದ, ನೋವು ಮೊದಲು ಹೊಕ್ಕುಳಲ್ಲಿ ತೋರಿ, ಉರಿಯೂತವು ಭಿತ್ತಿಗೆ ಅಂಟಿರುವ ಪೊರೆಯ ಹೊರಪದರವನ್ನು ಮುಟ್ಟಿದ ಮೇಲೆಯೇ ಬಲಗಡೆಯ ಕೆಳಹೊಟ್ಟೆಗೆ ಇಳಿದು ಚುಚ್ಚತೊಡಗುತ್ತದೆ. ಹೊರಪದರದ ನರಗಳು ಹೊಟ್ಟೆಯ ಚರ್ಮ, ಸ್ನಾಯುಗಳ ನರಗಳೇ ಆದುದರಿಂದ ಅದು ನೋವಿನ ತಾಣವನ್ನು ಖಚಿತವಾಗಿ ಹೇಳುತ್ತದೆ.

ನೋವು ತಗ್ಗಿದರೆ ರೋಗವೂ ತಗ್ಗಿತೆಂಬ ನಂಬಿಕೆ ಇದಕ್ಕಿಂತಲೂ ಅಪಾಯಕಾರಿ. ಊದಿದ ಅಪೆಂಡಿಕ್ಸ್ ಒಡೆದಾಗ ಒಳಗಿನ ಒತ್ತಡವಿಳಿದು ಕೆಲಹೊತ್ತು ಹಾಯೆನಿಸಬಹುದು. ಅಷ್ಟರಲ್ಲಿ ಕೀವು ಪೊರೆಯ ಮೇಲೆ ಹರಡುತ್ತಿರುತ್ತದೆ. ಹೊಟ್ಟೆ ಹಲಗೆಯಂತೆ ಬಿಗಿದು, ಕೆಮ್ಮಿದರೂ ಹೊರಳಿದರೂ ನೋವು ಹೆಚ್ಚಿ, ರೋಗಿಯು ಅಲುಗಾಡದೆ ಮಲಗಿದನೆಂದರೆ ಉರಿಯೂತವು ಉದರಪೊರೆಗೇ ತಗುಲಿರುವ ಶಂಕೆ ಬಲವಾಗುತ್ತದೆ. ಆಗ ಭೇದಿಯ ಔಷಧ ಕೊಡುವುದು, ನೀವುವುದು ಎರಡೂ ಸಲ್ಲ. ತಡಮಾಡದೆ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಒಯ್ಯತಕ್ಕದ್ದು.